ಪಂಪು ಕಾರ್ಖಾನೆಯ ಅಪೆಂಡಿಕ್ಸ್

ಆಡಬಾರದ ಮಾತು ಆಡಿ ಕೆಟ್ಟವರನ್ನು ನಾವು ನೀವೆಲ್ಲ ಕಂಡಿದ್ದೇವೆ. ಗಂಗಾನಗರದ ವೀರಬಸಪ್ಪ ಕೆಟ್ಟದ್ದಾದರೋ, ಆಡದೆ ಉಳಿಸಿಕೊಂಡ ಒಂದು ಮಾತಿನಿಂದ. ಆ ಮಾತು ಅವನ ಹತ್ತಿರ ಇರಲೇ ಇಲ್ಲ ಎನ್ನುವುದು ಬೇರೆ ವಿಷಯ.

ಯಶವಂತಪುರದ ಒಂದು ಪಂಪು ಕಾರ್ಖಾನೆಯಲ್ಲಿ ಅವನು ‘ಪ್ರೋಗ್ರೆಸ್’ ವಿಭಾಗ. ವಿಭಾಗದಲ್ಲಿ ಎಂದಲ್ಲ, ಅವನೇ ವಿಭಾಗ. ಎರಡನೆಯ ಆಳು ಅಲ್ಲಿ ಇರಲಿಲ್ಲ. ಕಬ್ಬಿಣದ ತುಂಡೊಂದು ಸ್ಟೋರಿನಿಂದ ಹೊರಟು ಪಂಪಾಗಿ ಗೇಟು ದಾಟುವವರೆಗೆ ಯಾವ ಮಾಲು ಯಾವ ಶಾಪಿನಲ್ಲಿ ಬಿದ್ದಿದೆ, ಮುಂದೆ ಎಲ್ಲಿಗೆ ಹೋಗಬೇಕು ಎಂದು ಹಳದಿ ಕಾರ್ಡುಗಳ ಕಟ್ಟು ಹಿಡಿದು ಬೆಳಗಿನಿಂದ ಸಂಜೆಯವರೆಗೆ ತಿರುಗುವುದು ಅವನ ಕೆಲಸ. ಗದಗಿನ ಕಡೆಯಿಂದ ಬಂದು ಹದಿನಾಲ್ಕು ವರ್ಷ ಹೀಗೆ ತಿರುಗಿ, ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಸಿದ್ದ. ಮನೆಯಲ್ಲಿ ಹೆಂಡತಿ ಈರವ್ವ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ವಯಸ್ಸು ನಲವತ್ತೇಳು. ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ.

ಎಂಬತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ ಕಾರ್ಖಾನೆಯವರು ಉತ್ಪಾದಕತಾ ಸಪ್ತಾಹ ಆಚರಿಸಿದರು. ಯಾರು ಬೇಕಾದರೂ ಭಾಷಣ ಮಾಡಬಹುದು ಎಂದು ಬೋರ್ಡು ಬಿತ್ತು. ವೀರಬಸಪ್ಪನಿಗೆ ಹುಮ್ಮಸ್ಸು ಏರಿತು. ಅವೆನ್ಯೂ ರಸ್ತೆಗೆ ಹೋಗಿ, ಶಾಲೆಗಳಲ್ಲಿ ತೂಗುಹಾಕುತ್ತಾರಲ್ಲ, ಮನುಷ್ಯನ ದೇಹದ ಒಳಭಾಗವೆಲ್ಲ ತೋರಿಸುವ ಬಣ್ಣದ ಚಾರ್ಟು, ಅದೊಂದನ್ನು ತಂದ. ಒಂದೊಂದು ಅಂಗದ ಮೇಲೂ ಒಂದೊಂದು ಇಲಾಖೆಯ ಹೆಸರು ಬರೆದ ಚೀಟಿ ಅಂಟಿಸಿದ. ಶನಿವಾರ ಕ್ಯಾಂಟೀನಿನಲ್ಲಿ ಸಭೆ. ಇನ್ನೂರು ಜನರ ಮುಂದೆ ಬೆತ್ತ ಹಿಡಿದು ನಿಂತು, ‘ಕಾರ್ಖಾನೆಯೂ ಒಂದು ಜೀವಿ’ ಎಂದು ಶುರು ಮಾಡಿದ.

“ಗೇಟು ಬಾಯಿ, ಸ್ಟೋರು ಹೊಟ್ಟಿ. ಪವರ್ ಹೌಸು ಹೃದಯ, ಅದು ನಿಂತರ ಎಲ್ಲಾ ನಿಂತಂಗ. ಮಷೀನ್ ಶಾಪು ಕೈಕಾಲು. ಇನ್ಸ್‌ಪೆಕ್ಷನ್ ಮೂತ್ರಪಿಂಡ, ಚಲೋದು ಇಟ್ಕೊಂಡು ಕೆಟ್ಟದ್ದು ಹೊರಗ ಹಾಕತೈತಿ. ಪೇಂಟ್ ಶಾಪು ಚರ್ಮ. ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ಮೆದುಳು!”

ಮುಂದಿನ ಸಾಲಿನಲ್ಲಿ ಕೂತಿದ್ದ ಜನರಲ್ ಮ್ಯಾನೇಜರ್ ನರಸಿಂಹಯ್ಯನವರು ವಿನಯದಿಂದ ತಲೆ ತಗ್ಗಿಸಿದರು. ಚಪ್ಪಾಳೆಯೋ ಚಪ್ಪಾಳೆ. ಸ್ಕ್ರ್ಯಾಪ್ ಯಾರ್ಡಿನವರು ಮಾತ್ರ ತಮಗೆ ಸಿಕ್ಕ ಅಂಗ ಯಾವುದೆಂದು ತಿಳಿದು ಮುಖ ಊದಿಸಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಹಿಂದಿನ ಬೆಂಚಿನಿಂದ ಒಬ್ಬ ಪುಣ್ಯಾತ್ಮ ಎದ್ದು ನಿಂತ.

“ಸಾರ್, ಅಲ್ಲಿ ಕೆಳಗಡೆ ಬಲಕ್ಕೆ ಹುಳ ಇದ್ದಂಗೆ ಒಂದೈತಲ್ಲ, ಅಪೆಂಡಿಕ್ಸು, ಅದಕ್ಕೆ ಚೀಟಿನೇ ಅಂಟ್ಸಿಲ್ವಲ್ಲ. ನಮ್ ಬಾಮೈದಂಗೆ ಹೋದ್ ತಿಂಗ್ಳು ಅದನ್ನ ಕುಯ್ದು ತೆಗೆದ್ರು. ಇದ್ರೂ ಪ್ರಯೋಜನ ಇಲ್ಲ, ತೆಗೆದ್ರೂ ನಷ್ಟ ಇಲ್ಲ ಅಂದ್ರಂತೆ ಡಾಕ್ಟ್ರು. ನಮ್ ಫ್ಯಾಕ್ಟ್ರೀಲಿ ಅದು ಯಾವ್ದು ಸಾರ್?”

ಚೀಟಿ ಮುಗಿದಿತ್ತು, ಅದಕ್ಕೇ ಅಂಟಿಸಿರಲಿಲ್ಲ. ಹಾಗೆಂದು ಹೇಳಿದ್ದರೆ ಒಂದು ನಗೆಯಲ್ಲಿ ಕಳೆದುಹೋಗುತ್ತಿತ್ತು. ಆದರೆ ಇನ್ನೂರು ಜನ ನೋಡುತ್ತಿದ್ದಾರೆ, ಕೈಯಲ್ಲಿ ಬೆತ್ತವಿದೆ. ವೀರಬಸಪ್ಪ ಕನ್ನಡಕ ಸರಿಮಾಡಿಕೊಂಡು, ಎಲ್ಲ ಬಲ್ಲವನ ಹಾಗೆ ಒಂದು ನಗು ನಕ್ಕ.

“ಅದು ಇಂಥಾ ಸಭಾದಾಗ ಹೇಳೋ ಮಾತಲ್ಲ.”

ಕ್ಯಾಂಟೀನು ಗಪ್‌ಚುಪ್ಪಾಯಿತು. ಸೌಟು ಹಿಡಿದಿದ್ದ ಅಡುಗೆಯ ಮುನಿಗಂಗಮ್ಮನೂ ಹಾಗೇ ನಿಂತುಬಿಟ್ಟಳು.

ಸೋಮವಾರ ಬೆಳಗ್ಗೆ ಎಂಟಕ್ಕೆ ಸೈರನ್ ಆಗುವಷ್ಟರಲ್ಲಿ ಸುದ್ದಿ ಬಲಿತಿತ್ತು. ಮ್ಯಾನೇಜ್‌ಮೆಂಟಿನವರು ಒಂದು ಇಲಾಖೆ ಮುಚ್ಚುತ್ತಾರೆ. ಯಾವುದೆಂದು ವೀರಬಸಪ್ಪನಿಗೆ ಗೊತ್ತು. ಅವನ ಬಾಯಿಂದ ಹೇಳಿಸಿ ನಮ್ಮ ನಾಡಿ ನೋಡಿದರು. ಯಾರು ಹುಟ್ಟಿಸಿದರೋ ಯಾರು ಬೆಳೆಸಿದರೋ, ಹತ್ತು ಗಂಟೆಯ ಟೀ ಹೊತ್ತಿಗೆ ಪೂರ್ತಿ ಕಾರ್ಖಾನೆಗೆ ಜ್ವರ ಬಂದಿತ್ತು.

ಪ್ರತಿಯೊಂದು ಇಲಾಖೆಯೂ ತಾನು ಇರಲೇಬೇಕಾದ ಅಂಗವೆಂದು ತೋರಿಸುವ ಹಟಕ್ಕೆ ಬಿತ್ತು. ಇನ್ಸ್‌ಪೆಕ್ಷನ್ನಿನವರು ತಾವು ಎಂಥ ಮೂತ್ರಪಿಂಡ ಎಂದು ತೋರಿಸಲು ಬಂದ ಮಾಲನ್ನೆಲ್ಲ ರಿಜೆಕ್ಟ್ ಮಾಡಿ ಹೊರಗೆಸೆದರು. ಪೇಂಟ್ ಶಾಪಿನವರು ಪಂಪು ಮುಗಿಸಿ, ಬೆಂಚು ಮುಗಿಸಿ, ಕೊನೆಗೆ ಸೈಕಲ್ ಸ್ಟ್ಯಾಂಡಿನ ಕಂಬಗಳಿಗೂ ಎರಡೆರಡು ಕೋಟು ಹಸಿರು ಬಳಿದರು. ಸ್ಟೋರ್ ಕೀಪರ್ ಶೇಖರಪ್ಪ ಒಂದು ಬೋಲ್ಟ್ ಕೊಡುವುದಕ್ಕೂ ಮೂರು ಸಹಿ ಕೇಳತೊಡಗಿದ. ಪವರ್ ಹೌಸಿನವರು ಮಾಡಿದ್ದು ಇನ್ನೂ ಘೋರ. ತಮ್ಮ ಬೆಲೆ ತಿಳಿಯಲಿ ಎಂದು ದಿನಕ್ಕೆರಡು ಸಲ ಹತ್ತು ನಿಮಿಷ ಕರೆಂಟು ತೆಗೆದರು. ಒಂದು ದೇಹದಲ್ಲಿ ಹೃದಯ ಹೀಗೆ ಮಾಡಿದರೆ ಏನಾದೀತು, ನೀವೇ ಯೋಚಿಸಿ!

ಮಂಗಳವಾರ ಮಷೀನ್ ಶಾಪಿನ ಫೋರ್‌ಮನ್ ಲಕ್ಕಣ್ಣ, ಎತ್ತರದ ಆಳು, ವೀರಬಸಪ್ಪನನ್ನು ಲೇತ್ ಮಷೀನಿನ ಹಿಂದಕ್ಕೆ ಕರೆದ.

“ನೋಡು ಗುರೂ, ನೀನ್ ಒಳ್ಳೆಯವ್ನು. ನಮ್ ಶಾಪಲ್ಲಿ ಅರವತ್ ಜನ ಇದ್ದಾರೆ. ಯಾವನ್ದಾದ್ರೂ ಕೆಲ್ಸ ಹೋದ್ರೆ ಅವ್ನ ಹೆಂಡ್ತಿ ಮಕ್ಳನ್ನ ಕರ್ಕೊಂಡ್ ಬಂದು ನಿಮ್ಮನೆ ಜಗಲೀಲೇ ಕೂರಿಸ್ತೀನಿ.”

“ಅಲ್ರೀ ಲಕ್ಕಣ್ಣಾರ, ನೀವು ಕೈಕಾಲು! ಕೈಕಾಲು ಯಾರರ ತೆಗೀತಾರೇನ್ರಿ?”

“ಶುಗರ್ ಬಂದ್ರೆ ತೆಗೀತಾರಲ್ಲ? ನಮ್ ದೊಡ್ಡಪ್ಪಂದು ಮಂಡಿಗಂಟ ತೆಗೆದ್ರು.”

ಬುಧವಾರ ಬೆಳಗ್ಗೆ ಮನೆಯ ಮಾಲೀಕ ಚಿಕ್ಕಬೈರಪ್ಪ ಬಂದರು. ಗಂಗಾನಗರ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲಿದ್ದ ಮನುಷ್ಯ. ಹೊಲ ಸೈಟಾಗಿ, ಸೈಟು ವಠಾರವಾಗಿ, ಈಗ ಆರು ಮನೆಗಳ ಧಣಿ. ಅವರ ಅಳಿಯ ವೆಂಕಟೇಶಪ್ಪ ಪೇಂಟ್ ಶಾಪಿನಲ್ಲಿದ್ದ. ಒಂದು ಚೊಂಬು ಹಾಲು ಕೆಳಗಿಟ್ಟು, ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತರು.

“ಈರಬಸಪ್ಪನೋರೇ, ನಮ್ ಅಳೀಮಯ್ಯ ಮೂರ್ ದಿನದಿಂದ ಮುದ್ದೆ ಮುಟ್ಟಿಲ್ಲ. ಯಾವ್ದೋ ಒಂದ್ನ ಕುಯ್ತಾರಂತೆ, ಅಂಗಂತಾನೆ. ಪೇಂಟಾ? ಏಳಿಬಿಡಿ.”

“ಏ, ಪೇಂಟ್ ಶಾಪು ಚರ್ಮ ರೀ! ಚರ್ಮಕ್ಕ ಯಾರೂ ಕೈ ಹಚ್ಚಂಗಿಲ್ಲ.”

ಚಿಕ್ಕಬೈರಪ್ಪ ತಲೆ ಕೆರೆದುಕೊಂಡರು.

“ಕುರಿ ಕುಯ್ದಾಗ ಮೊದ್ಲು ಸುಲಿಯಾದು ಚರ್ಮಾನೇ ಅಲ್ವಾ?”

ವೀರಬಸಪ್ಪ ಹಾಲಿನ ಚೊಂಬಿನ ಕಡೆ ನೋಡಿದ.

“ಆಗ್ಲಿ ಬುಡಿ. ಅಳೀಮಯ್ಯನ ಕೆಲ್ಸ ಓದ್ರೆ ಅವ್ನು ಮಗಳ್ನ ಕರ್ಕೊಂಡು ಇಲ್ಲಿಗೇ ಬರ್ತಾನೆ. ಅವ್ನಿಗೆ ಒಂದ್ ಮನೆ ಬೇಕಾಯ್ತದೆ. ನಿಮ್ ಮನೇನೇ ಗಾಳಿಬೆಳಕು ಸಂದಾಕಿರಾದು.” ಚಿಕ್ಕಬೈರಪ್ಪ ಎದ್ದು ಹೊರಟವರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಹಾಲಿನ ಚೊಂಬನ್ನೂ ಎತ್ತಿಕೊಂಡು ಹೋದರು.

ಈರವ್ವ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. “ನನಗ ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ದರ ನಿಮ್ಮ ಗಂಟೇನು ಹೋಗತಿತ್ತು?” ಎಂದಳು.

“ಈಗ ಅಂದರ ಯಾರು ನಂಬ್ತಾರ?” ಎಂದ ವೀರಬಸಪ್ಪ. ಅದೂ ನಿಜವೇ. ಸೋಮವಾರದಿಂದ ಅವನು ಏನೂ ಇಲ್ಲ ಏನೂ ಇಲ್ಲ ಎಂದಷ್ಟೂ ಜನ ಏನೋ ಇದೆ ಎಂದೇ ತಿಳಿಯುತ್ತಿದ್ದರು.

ಬುಧವಾರ ಮಧ್ಯಾಹ್ನ ಬೊಂಬಾಯಿಯ ಹೆಡ್ ಆಫೀಸಿನಿಂದ ಟೆಲಿಗ್ರಾಂ ಬಂತು. ಸುದ್ದಿ ಅಲ್ಲಿಗೂ ಹೋಗಿತ್ತು. ಅದರಲ್ಲಿ ಇದ್ದದ್ದು ಎರಡೇ ಸಾಲು: ‘ನಿಮ್ಮಲ್ಲಿ ಅನಗತ್ಯ ಇಲಾಖೆ ಒಂದಿದೆ ಎಂದು ತಿಳಿದು ಸಂತೋಷ. ಅಪೆಂಡಿಕ್ಸ್ ಯಾವುದು, ಸೋಮವಾರದೊಳಗೆ ತಿಳಿಸಿ.’

ನರಸಿಂಹಯ್ಯನವರು ವೀರಬಸಪ್ಪನನ್ನು ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಆ ಚಾರ್ಟು ಹರಡಿತ್ತು.

“ಇಲ್ಲ ಅಂತ ಬರೆದರೆ ಅವರು ಒಪ್ಪೋದಿಲ್ಲ ಕಣಯ್ಯಾ. ಒಮ್ಮೆ ಸಂತೋಷ ಆಯ್ತು ಅಂದಮೇಲೆ ಆಯ್ತು. ಯಾವುದು ಹೇಳು.”

“ಸರ, ಅದು ಸುಮ್ಮ ಮಾತಿಗೆ…”

“ನಾನೇ ಹುಡುಕಿದೆ.” ಸಾಹೇಬರು ಪೆನ್ಸಿಲ್ಲಿನ ತುದಿಯನ್ನು ಚಾರ್ಟಿನ ಮೇಲೆ ತಲೆಯಿಂದ ಕಾಲಿನವರೆಗೆ ಆಡಿಸಿದರು. “ಗೇಟಿದೆ, ಸ್ಟೋರಿದೆ, ಪೇಂಟಿದೆ, ಸ್ಕ್ರ್ಯಾಪ್ ಯಾರ್ಡೂ ಇದೆ. ಇಡೀ ದೇಹದಲ್ಲಿ ಕಾಣದ ಇಲಾಖೆ ಒಂದೇ. ನಿನ್ನದು.”

ವೀರಬಸಪ್ಪ ಬಗ್ಗಿ ನೋಡಿದ. ಹೌದು. ರಾತ್ರಿಯೆಲ್ಲ ಕೂತು ಅಂಟು ಹಚ್ಚಿದವನು ತನ್ನ ಹೆಸರಿನ ಚೀಟಿ ಬರೆಯುವುದನ್ನೇ ಮರೆತಿದ್ದ.

“ಗುರುವಾರ, ಶುಕ್ರವಾರ, ಶನಿವಾರ,” ಎಂದರು ಸಾಹೇಬರು, “ಮೂರು ದಿನ ನೀನು ಟೈಂ ಆಫೀಸಿನ ಎದುರು ಕುರ್ಚಿ ಹಾಕಿಕೊಂಡು ಕೂರಬೇಕು. ಎದ್ದು ತಿರುಗೋ ಹಾಗಿಲ್ಲ. ಕಾರ್ಡಿನ ಕಟ್ಟು ನನ್ನ ಬೀರುವಿನಲ್ಲಿರುತ್ತೆ. ನೀನಿಲ್ಲದೆ ಕೆಲಸ ಕೆಟ್ಟರೆ ನೀನು ಬೇಕಾದವನು. ನಡೆದರೆ, ಸೋಮವಾರ ಬೊಂಬಾಯಿಗೆ ನಿನ್ನ ಹೆಸರು. ನನ್ನ ಮೇಲೆ ಬೇಜಾರು ಮಾಡ್ಕೋಬೇಡ.”

ಈ ತೀರ್ಪು ಶಾಪುಗಳಿಗೆ ತಲುಪಿದ್ದೇ ತಡ, ಎಲ್ಲರ ಜ್ವರ ಇಳಿಯಿತು. ಪವರ್ ಹೌಸಿನವರು ಕರೆಂಟು ತೆಗೆಯುವುದನ್ನು ನಿಲ್ಲಿಸಿದರು. ವೆಂಕಟೇಶಪ್ಪ ಎರಡು ಮುದ್ದೆ ಉಂಡನಂತೆ. ಲಕ್ಕಣ್ಣನೂ ಬಂದು ಬೆನ್ನು ತಟ್ಟಿ, “ನೀನೇ ಅಂತ ಮೊದ್ಲೇ ಹೇಳಿದ್ರೆ ನಮಗ್ಯಾಕ್ ಗುರೂ ಇಷ್ಟು ತಾಪತ್ರಯ?” ಎಂದ. ಎಲ್ಲರಿಗೂ ವೀರಬಸಪ್ಪನ ಮೇಲೆ ಒಮ್ಮೆಲೇ ಅಭಿಮಾನ ಉಕ್ಕಿಬಂದಿತ್ತು.

ಗುರುವಾರ, ಹಾಜರಿ ಹಾಕುವ ಟೈಂ ಆಫೀಸಿನೆದುರು ಕುರ್ಚಿ ಬಿತ್ತು. ವೀರಬಸಪ್ಪ ಕೈಕಟ್ಟಿ ಕೂತ. ಬೆಳಗ್ಗೆ ಒಂಬತ್ತರವರೆಗೆ ಎಲ್ಲ ಸುಗಮ. ಒಂಬತ್ತೂಕಾಲಕ್ಕೆ ಶೇಖರಪ್ಪ ನೀರು ಕುಡಿಯುವ ನೆಪದಲ್ಲಿ ಬಂದು, ಆಚೆ ಈಚೆ ನೋಡಿ, ತುಟಿ ಅಲ್ಲಾಡಿಸದೆ ಕೇಳಿದ: “ಸೋಲಾಪುರದ ಪಂಪಿನ ಕವಚಗಳಿಗೆ ಬೋಲ್ಟು ಕೊಟ್ಟಿದ್ದೀನಾ ಇಲ್ವಾ?”

“ಕೊಟ್ಟೀರಿ. ಎರಡು ಪೆಟ್ಟಿಗಿ. ಇನ್ನೊಂದು ಬಾಕಿ ಐತಿ,” ಎಂದ ವೀರಬಸಪ್ಪ. ಕೇಳಿದವರಿಗೆ ಉತ್ತರ ಕೊಡುವುದು ಅವನಿಗೆ ಉಸಿರಾಡಿದಷ್ಟು ಸಹಜ.

ಆಮೇಲೆ ಸಾಲು ಹತ್ತಿತು. ಚಪ್ಪಲಿ ಉಂಗುಟ ಸರಿಮಾಡಿಕೊಳ್ಳುವಂತೆ ಬಗ್ಗಿ ಕೇಳಿದವರು, ಬೀಡಿಗೆ ಬೆಂಕಿ ಕೇಳುವಂತೆ ಕೇಳಿದವರು, ನೋಟೀಸು ಬೋರ್ಡು ಓದುತ್ತ ಬೆನ್ನು ತೋರಿಸಿಕೊಂಡೇ ಕೇಳಿದವರು. ಯಾರೂ ಬಹಿರಂಗವಾಗಿ ಕೇಳುವಂತಿಲ್ಲ. ಅಪೆಂಡಿಕ್ಸ್ ಇಲ್ಲದೆ ನನ್ನ ಕೆಲಸ ನಡೆಯುವುದಿಲ್ಲ ಎಂದು ಒಪ್ಪಿಕೊಂಡವನೇ ನಾಳೆ ಅಪೆಂಡಿಕ್ಸ್ ಆದರೆ? ಶುಕ್ರವಾರ ನರಸಿಂಹಯ್ಯನವರೇ ಆ ಕಡೆ ಹಾದುಹೋಗುತ್ತ, ಆಕಾಶ ನೋಡುತ್ತ, “ಬಳ್ಳಾರಿಯ ನಲವತ್ತು ಪಂಪು ಏನಾಯ್ತೋ ಏನೋ,” ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು.

“ಪಂಪಿನ ಮೈ ತಯಾರಾಗೈತಿ ಸರ, ಶಾಫ್ಟು ಲೇತಿನ ಮ್ಯಾಲ ಐತಿ, ನಾಳೆ ಮಧ್ಯಾಹ್ನ ಇಳೀತೈತಿ,” ಎಂದ ವೀರಬಸಪ್ಪ.

ಶುಕ್ರವಾರ ಸಂಜೆ ಲೆಕ್ಕ ಹಾಕಿದರೆ, ಕಾರ್ಖಾನೆ ಹಿಂದೆಂದೂ ನಡೆಯದಷ್ಟು ಚೆನ್ನಾಗಿ ನಡೆದಿತ್ತು.

ಮನೆಗೆ ಬಂದು ಇದನ್ನು ಹೆಮ್ಮೆಯಿಂದ ಹೇಳಿದಾಗ ಈರವ್ವ ಹಣೆ ಹಣೆ ಬಡಿದುಕೊಂಡಳು. “ಎಂಥಾ ಗಂಡನ್ನ ಕೊಟ್ಟೆಪ್ಪಾ ಶಿವನೆ! ಕೆಲಸ ನಡೆದರ ನೀವು ಬ್ಯಾಡ, ಕೆಟ್ಟರ ನೀವು ಬೇಕು. ಕುಂತಲ್ಲೇ ಕುಂತು ನಡೆಸಿಕೊಟ್ಟು ಬಂದೀರಲ್ಲ, ನಾಳೆ ಇಬ್ಬರು ಹೆಣ್ಣುಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗೂಣು? ಮಂದಿ ಕೇಳಿದ್ದಕ್ಕೆಲ್ಲಾ ಉತ್ತರ ಹೇಳಾಕ ನೀವೇನು ಪಂಚಾಂಗ ಏನ್ರಿ?”

ವೀರಬಸಪ್ಪನಿಗೆ ಆಗ ಹೊಳೆಯಿತು.

ಶನಿವಾರ ಬೆಳಗ್ಗೆ ಈರವ್ವ ತನ್ನ ಕೈಯಾರೆ ಆರು ಎಲೆ, ಅಡಿಕೆ, ಸುಣ್ಣ, ಒಂದು ಚಿಟಿಕೆ ಹೊಗೆಸೊಪ್ಪು ಸೇರಿಸಿ ಮಡಿಸಿ ಗಂಡನ ಬಾಯಿಗಿಟ್ಟಳು. ಇನ್ನೂ ಹತ್ತು ಕಟ್ಟಿಕೊಟ್ಟಳು. “ಸಂಜೀ ನಾಕರ ತನಕ ಬಾಯಿ ಖಾಲಿ ಇರಬಾರದು. ಯಾರು ಕೇಳಿದರೂ ಉಂ ಅನ್ರಿ, ಮುಗೀತು.”

ಉಂ ಎನ್ನುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಶೇಖರಪ್ಪ ಬಂದ, ಉಂ. ವೆಂಕಟೇಶಪ್ಪ ಬಂದ, ಉಂ. ಹನ್ನೊಂದಕ್ಕೆ, ಬಿಡಿಭಾಗ ಜೋಡಿಸುವ ಅಸೆಂಬ್ಲಿಯಲ್ಲಿ ಕವಚ ಸಿಗದೆ ಕೂಗಾಟ. ಒಂದಕ್ಕೆ ಇನ್ಸ್‌ಪೆಕ್ಷನ್ನಿನವರೂ ಸ್ಟೋರಿನವರೂ ಒಬ್ಬರ ಕಾಲರ್ ಒಬ್ಬರು ಹಿಡಿದರು. ಕೆಟ್ಟಷ್ಟೂ ತನಗೆ ಒಳ್ಳೆಯದು ಎಂದು ತಿಳಿದೂ, ವೀರಬಸಪ್ಪ ಎದ್ದು ಓಡದಂತೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ.

ಮೂರು ಗಂಟೆಗೆ ಲಕ್ಕಣ್ಣ ಓಡಿ ಬಂದ.

“ಗುರೂ, ಬಳ್ಳಾರಿ ಶಾಫ್ಟು ನಲವತ್ತೂ ಇಳೀತು. ಇವತ್ತು ರಾತ್ರಿನೇ ಲಾರಿ ಹೊರಡ್ಬೇಕು. ಮುಂದಕ್ಕೆ ಎಲ್ಲಿಗೆ? ಅಸೆಂಬ್ಲಿಗಾ?”

“ಉಂ.”

ಹೌದು ಎಂದೂ ಅಲ್ಲ, ಬೇಡ ಎಂದೂ ಅಲ್ಲ, ಅದು ಬರೀ ಉಂ. ಆತುರದಲ್ಲಿದ್ದ ಲಕ್ಕಣ್ಣ ಆಯಿತೆಂದು ತಿರುಗಿ ಓಡಿದ.

ಮೂರೂವರೆಗೆ ನರಸಿಂಹಯ್ಯನವರು ಬಿಳಿ ಶರ್ಟಿನಲ್ಲಿ ಬಂದು ಕುರ್ಚಿಯ ಪಕ್ಕ ನಿಂತು ಗಡಿಯಾರ ನೋಡಿದರು. “ಇನ್ನರ್ಧ ಗಂಟೆ. ಸ್ವಲ್ಪ ಗಲಾಟೆ ಆಗಿದೆ, ಆದರೆ ಬಳ್ಳಾರಿ ಮಾಲು ಅಸೆಂಬ್ಲಿ ಸೇರಿದರೆ ನಡೆದಂತೆಯೇ ಲೆಕ್ಕ.” ಫಲಿತಾಂಶ ನೋಡಲು ಶಾಪುಗಳಿಂದ ಒಬ್ಬೊಬ್ಬರಾಗಿ ಬಂದು ಸುತ್ತ ಸೇರಿದರು.

ಆಗ ಮಷೀನ್ ಶಾಪಿನ ಬಾಗಿಲಿಂದ ಟ್ರಾಲಿ ಹೊರಬಂತು. ಮೇಲೆ, ಪಂಪು ತಿರುಗಿಸುವ ನಲವತ್ತು ಉಕ್ಕಿನ ಶಾಫ್ಟುಗಳು ಬೆಳ್ಳಿಯ ಹಾಗೆ ಥಳಥಳ. ಬೆಳ್ಳಗಿವೆ ಎಂದರೆ ಇನ್ನೂ ಕುಲುಮೆ ಕಂಡಿಲ್ಲ, ಕಾಯಿಸಿ ಗಟ್ಟಿಮಾಡುವ ಹದ ಹಾಕಿಲ್ಲ. ಹದ ಹಾಕದ ಶಾಫ್ಟು ತಿಂಗಳೊಪ್ಪತ್ತಿನಲ್ಲಿ ಬಾಗುತ್ತದೆ. ಬಳ್ಳಾರಿಯ ಕಡೆ ಹಳ್ಳಿಗಳಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ಎತ್ತುವ ಪಂಪುಗಳು ಅವು. ಕುಲುಮೆ ಇದ್ದದ್ದು ಬಲಕ್ಕೆ. ಟ್ರಾಲಿ ಎಡಕ್ಕೆ ಹೊರಟಿತ್ತು.

ವೀರಬಸಪ್ಪ ಸುತ್ತ ನೋಡಿದ. ಯಾರ ಮುಖದಲ್ಲೂ ಗಾಬರಿ ಇಲ್ಲ. ಬಾಯಿ ತುಂಬ ಎಲೆ. ಮಾತಾಡಿದರೆ ಮಾಲು ನೆಟ್ಟಗಾಗುತ್ತದೆ, ಸೋಮವಾರ ತನ್ನ ಹೆಸರು ಬೊಂಬಾಯಿಗೆ. ಸುಮ್ಮನಿದ್ದರೆ, ಸೋಮವಾರ ಹೆಸರು ಹೋದರೂ, ತಿಂಗಳ ಮೇಲೆ ನಲವತ್ತು ಪಂಪು ವಾಪಸ್ಸು ಬರುತ್ತವೆ. ಆಗ ತನ್ನ ಬೆಲೆ ಎಲ್ಲರಿಗೂ ತಿಳಿಯುತ್ತದೆ, ಮತ್ತೆ ಕರೆಸಿಕೊಳ್ಳುತ್ತಾರೆ. ಟ್ರಾಲಿ ನೀರಿನ ತೊಟ್ಟಿ ದಾಟಿತು. ಅಸೆಂಬ್ಲಿಯ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಹದಿನೈದು. ಹತ್ತು.

“ಎಡಕ್ಕಲ್ಲ! ಲೇ, ಎಡಕ್ಕಲ್ಲೋ! ಕುಲುಮಿಗೆ ಒಯ್ರೋ, ಹದಾ ಹಾಕಿಲ್ಲೋ ಅದಕ್ಕ!”

ಮಾತಿಗಿಂತ ಮೊದಲು ಬಾಯಲ್ಲಿದ್ದದ್ದು ಹೊರಬಂತು. ನರಸಿಂಹಯ್ಯನವರ ಬಿಳಿ ಶರ್ಟು ಕಾಲರಿನಿಂದ ಬೆಲ್ಟಿನವರೆಗೆ ಕೆಂಪಾಯಿತು. ಟ್ರಾಲಿ ನಿಂತಿತು. ಎಲ್ಲರೂ ನಿಂತರು.

ಸಾಹೇಬರು ಶರ್ಟು ನೋಡಿಕೊಳ್ಳಲಿಲ್ಲ. ಟ್ರಾಲಿಯ ಹತ್ತಿರ ಹೋಗಿ ಒಂದು ಶಾಫ್ಟು ಎತ್ತಿ ತಿರುಗಿಸಿ ನೋಡಿದರು. ಅವರ ಮುಖ ಬಿಳುಪೇರಿತು.

“ಮೂರು ದಿನ ಕುರ್ಚಿ ಬಿಟ್ಟು ಎದ್ದಿಲ್ಲ. ಕೈಯಲ್ಲಿ ಕಾರ್ಡಿಲ್ಲ. ನಿನಗೆ ಹೇಗೆ ಗೊತ್ತು?”

“ಬಂದು ಬಂದು ಕೇಳತಿದ್ದರ್ರೀ ಸರ. ಯಾವುದು ಎಲ್ಲಿ ಐತಿ ಅಂತ ಅವರು ಕೇಳೂದರಾಗ ನನಗ ತಿಳೀತಿತ್ತು. ಕೇಳಿದವರಿಗೆ ಹೇಳತಿದ್ದೆ.”

“ಯಾರು ಕೇಳಿದ್ದು?”

ಶೇಖರಪ್ಪ ಚಪ್ಪಲಿಯನ್ನು ನೋಡತೊಡಗಿದ. ವೆಂಕಟೇಶಪ್ಪ ತಾನೇ ಬಣ್ಣ ಬಳಿದ ಕಂಬದ ಹಿಂದೆ ಅರ್ಧ ಮರೆಯಾದ. ವೀರಬಸಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬೊಬ್ಬರೂ ಮುಖ ತಿರುಗಿಸಿದರು. ಹದಿನಾಲ್ಕು ವರ್ಷ ಇವರ ಬಾಗಿಲು ಬಾಗಿಲು ತಿರುಗಿದ್ದೆನಲ್ಲಾ ಎಂದು ಅವನಿಗೆ ಅಳು ಬಂತು. ಹೆಸರು ಹೇಳಬಹುದಿತ್ತು, ಒಂದೊಂದೂ ಬಾಯಲ್ಲಿತ್ತು. ಹೇಳಲಿಲ್ಲ.

“ನಾನ್ ಕೇಳ್ದೆ ಸಾರ್.” ಲಕ್ಕಣ್ಣ ಮುಂದೆ ಬಂದ. ಅಷ್ಟೆತ್ತರದ ಆಳು ಕುಗ್ಗಿಹೋಗಿದ್ದ. “ಮೂರ್ ದಿನದಲ್ಲಿ ಹನ್ನೊಂದ್ ಸಲ. ಇವತ್ತು ಅವ್ನು ಹೇಳ್ಲಿಲ್ಲ, ನಾನೇ ತಿಕ್ಕಲಂಗೆ ತಪ್ಪು ಕಡೆ ಕಳಿಸ್ದೆ.”

ಆಮೇಲೆ ಶೇಖರಪ್ಪ ಕೈ ಎತ್ತಿದ. ಕಂಬದ ಹಿಂದಿನಿಂದ ಹಸಿರು ಹತ್ತಿದ ಕೈಯೊಂದು ಮೇಲೆದ್ದಿತು. ಹತ್ತು ಕೈ, ನಲವತ್ತು ಕೈ. ಕ್ಯಾಂಟೀನಿನ ಮುನಿಗಂಗಮ್ಮ ಕೂಡ ಸೌಟು ಎತ್ತಿದಳು. ಅನ್ನ ಎಷ್ಟು ಜನಕ್ಕೆ ಇಡಬೇಕೆಂದು ಅವಳೂ ಕೇಳಿದ್ದಳಂತೆ. ನರಸಿಂಹಯ್ಯನವರು ಎಲ್ಲ ಕೈಗಳನ್ನೂ ನೋಡಿದರು. ಸ್ವಲ್ಪ ಕೆಮ್ಮಿದರು.

“ನಾನೂ ಒಂದು ಸಲ,” ಎಂದರು.

ಯಾರೋ ಕಿಸಕ್ಕೆಂದು ನಕ್ಕು ತಡೆದುಕೊಂಡರು. ಆದರೆ ಸಾಹೇಬರು ಜೇಬಿನಿಂದ ಆ ಟೆಲಿಗ್ರಾಂ ತೆಗೆದರು. ಅದಕ್ಕೂ ಕೆಂಪು ಹತ್ತಿತ್ತು.

“ಸರಿ, ನೀನಲ್ಲ. ಸೋಮವಾರ ಬೊಂಬಾಯಿಗೆ ಏನು ಬರೀಲಿ ಮತ್ತೆ? ನಮ್ಮ ಕಾರ್ಖಾನೆಯ ಅಪೆಂಡಿಕ್ಸ್ ಯಾವುದು?”

ಎತ್ತಿದ ಕೈಗಳೆಲ್ಲ ಸರಕ್ಕನೆ ಇಳಿದವು. ಇನ್ನೂರು ಜೊತೆ ಕಣ್ಣು ವೀರಬಸಪ್ಪನ ಬಾಯಿಯ ಮೇಲೆ. ಆ ಬಾಯಿ ಎಂದಿನಂತೆ ತಡೆಯಿಲ್ಲದೆ ತೆರೆಯಿತು. ಅವನು ತುಟಿ ಒರೆಸಿಕೊಂಡ.

“ನನಗ ಗೊತ್ತಿಲ್ಲರೀ ಸರ. ಅವತ್ತೂ ಗೊತ್ತಿರಲಿಲ್ಲ.”

ನರಸಿಂಹಯ್ಯನವರು ಟೆಲಿಗ್ರಾಂ ಮಡಿಸಿದರು. ಬೈಗುಳ ಬರುತ್ತದೆಂದು ವೀರಬಸಪ್ಪ ಕಣ್ಣು ಮುಚ್ಚಿಕೊಂಡ.

“ಹಾಗೇ ಬರೀತೀನಿ,” ಎಂದರು ಸಾಹೇಬರು. “ಏನು ನೋಡ್ತಾ ಕೂತಿದ್ದೀಯಾ? ಕಾರ್ಡು ತಗೊಂಡು ಓಡಯ್ಯಾ, ಟ್ರಾಲಿ ಹೊರಟಿತು.”